ಓರಿನ್ ಟೀಗ್‌ನ ಎಡಪಕ್ಕ

ಕೊಲ್ಬಿ ರನ್, ಪೆನ್ಸಿಲ್ವೇನಿಯಾ
ಸೆಪ್ಟೆಂಬರ್ 9, 1991

ಡೇಲ್,

ನಿನ್ನೆಯ ನಿಮ್ಮ ಫುಟ್‌ಬಾಲ್ ಆಟವನ್ನು ಕ್ಲಬ್ಬಿನ ದೊಡ್ಡ ಟಿವಿಯಲ್ಲಿ ನೋಡಿದೆ. ಇವತ್ತು ಬೆಳಿಗ್ಗೆ ಮನೆಯಲ್ಲಿ ಟೇಪ್ ಹಾಕಿ ಮತ್ತೊಮ್ಮೆ ನೋಡಿದೆ. ನಿನ್ನ ಮೊದಲ ಹೆಜ್ಜೆ ತಡವಾಗುತ್ತಿದೆ. ಚೆಂಡು ಹಿಂದಕ್ಕೆ ಹೋಗುವಾಗ ಎದುರಿನವರನ್ನು ತಡೆಯುವ ನಿಮ್ಮ ಸಾಲಿನ ಉಳಿದ ನಾಲ್ವರ ಕಾಲು ಎದ್ದಿರುತ್ತದೆ, ನಿನ್ನದು ಇನ್ನೂ ನೆಲದಲ್ಲೇ ಇರುತ್ತದೆ. ಎದುರಿನವನಿಗೆ ಅಷ್ಟು ಸಾಕು. ಆ ದಡಿಯ ನಿನ್ನನ್ನು ದಾಟಿ ಹೋಗಿ, ನೀನು ಕಾಯಬೇಕಿದ್ದ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದು ಇದರಿಂದಲೇ. ಇನ್ನೊಂದು ವಿಷಯ: ಬಾಗಿದ ಮೇಲೆ ನಿನ್ನ ತಲೆ ಬಲಕ್ಕೆ ತಿರುಗುತ್ತದೆ. ಹೈಸ್ಕೂಲಿನ ಹುಡುಗನಾಗಿದ್ದಾಗಲೂ ನಿನಗೆ ಈ ಚಾಳಿ ಇರಲಿಲ್ಲ.

ಕ್ಲಬ್ಬಿನಲ್ಲಿ ಗಸ್ ಪವ್ಲಿಕ್ ಎಲ್ಲರ ಮುಂದೆ, "ಏನಯ್ಯಾ ಎಮಿಲ್, ನಿನ್ ಮಗ ಬಾಗ್ಲು ತೆಗ್ದು ನಿಂತು ಬನ್ನಿ ಬನ್ನಿ ಒಳಗ್ ಬನ್ನಿ ಅಂತಾನಲ್ಲ, ಮದ್ವೆ ಮನೇನಾ?" ಎಂದ. ಎಲ್ಲರೂ ನಕ್ಕರು. ಇಪ್ಪತ್ತಾರು ವರ್ಷ ಈ ಊರಿನ ಹುಡುಗರಿಗೆ ಸಾಲಿನಲ್ಲಿ ನಿಲ್ಲುವುದನ್ನು ಕಲಿಸಿದವನು ನಾನು. ಬಿಯರ್ ಅರ್ಧಕ್ಕೆ ಬಿಟ್ಟು ಮನೆಗೆ ಬಂದೆ.

ಫೋನ್ ಮಾಡಬೇಡ. ರೈಲು ಬೋಗಿ ಕಾರ್ಖಾನೆ ನನ್ನ ಕಿವಿಗಳನ್ನು ಎಂದೋ ತಿಂದುಹಾಕಿದೆ. ನಿನ್ನಮ್ಮ ನಡುವೆ ನಿಂತು ಕೂಗಿ ಹೇಳುವಷ್ಟರಲ್ಲಿ ನಿನ್ನ ಮಾತಿನಲ್ಲಿ ಅರ್ಧ ಅವಳದಾಗಿರುತ್ತದೆ. ಬರೆ.

ಅಪ್ಪ

*

ಸೆಪ್ಟೆಂಬರ್ 13, 1991

ಪ್ರೀತಿಯ ಅಪ್ಪನಿಗೆ,

ಕಾಗದ ತಲುಪಿತು. ನೀವು ಹೇಳಿದ್ದು ಸರಿ, ಹೆಜ್ಜೆ ತಡವಾಗುತ್ತಿದೆ. ಮಂಡಿ ಸ್ವಲ್ಪ ನೋಯುತ್ತಿದೆ, ಅಷ್ಟೇ. ಐಸ್ ಇಡುತ್ತಿದ್ದೇನೆ.

ಇಲ್ಲಿ ಎಲ್ಲ ಎಂದಿನಂತೆ. ನಿನ್ನೆ ಗುರುವಾರ, ಸಾಲಿನ ಐವರೂ ಎಂದಿನ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ನಾವು ಕಾಲಿಟ್ಟರೆ ಆ ಹೋಟೆಲಿನವನು ಅಡುಗೆಮನೆಯತ್ತ ತಿರುಗಿ "ಬಂದ್ರಪ್ಪಾ ಬಕಾಸುರರು" ಎಂದು ಕೂಗುತ್ತಾನೆ. ಸಾಲಿನ ನಡುವೆ ನಿಂತು ಚೆಂಡು ಹಿಂದಕ್ಕೆ ಬಿಡುವ ನಮ್ಮ ಸೆಂಟರ್ ಓರಿನ್ ಟೀಗ್ ನಿಮಗೆ ಗೊತ್ತಲ್ಲ, ಎರಡು ವರ್ಷದ ಕೆಳಗೆ ಬೇಸಿಗೆಯಲ್ಲಿ ಹೆಂಡತಿ ಕಾರ್ಲೀನ್ ಮತ್ತು ಮಗುವಿನ ಜೊತೆ ಮನೆಗೆ ಬಂದು ಅಮ್ಮನ ಅಕ್ರೋಟು ರೊಟ್ಟಿಯನ್ನೆಲ್ಲ ಖಾಲಿ ಮಾಡಿದ ಒಕ್ಲಹೋಮಾದವನು. ಅವನು ನಿನ್ನೆ ದೊಡ್ಡ ಮಾಂಸದ ತುಂಡು, ಆಲೂಗಡ್ಡೆ, ಕಡುಬು ಎಲ್ಲ ತಿಂದು ಮುಗಿಸಿದ. ತಟ್ಟೆ ತೆಗೆದುಕೊಂಡು ಹೋದ ಮೇಲೆ ಮೆನು ಎತ್ತಿಕೊಂಡು, "ಸರಿ, ಏನ್ ತಗೊಳ್ಳೋಣ? ಹೊಟ್ಟೆ ಹಸೀತಾ ಇದೆ" ಎಂದ. ನಾವೆಲ್ಲ ಮೇಜು ಬಡಿದು ನಕ್ಕೆವು. ಅದನ್ನೇ ಮತ್ತೆ ತರಿಸಿ, ಅಷ್ಟನ್ನೂ ತಿಂದ. ಮುನ್ನೂರು ಪೌಂಡಿನವನು ಎರಡು ಊಟ ಮಾಡಿದರೆ ನಮ್ಮಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲ.

ಅಮ್ಮನಿಗೆ ನನ್ನ ನೆನಪು ಹೇಳಿ.

ನಿಮ್ಮ ಡೇಲ್

*

ಸೆಪ್ಟೆಂಬರ್ 23, 1991

ಡೇಲ್,

ಯಾವ ಮಂಡಿ? ಕಾಗದದಲ್ಲಿ ಬರೆದಿಲ್ಲ. ನೀನು ಒದ್ದು ಏಳುವುದು ಬಲಗಾಲಿನಿಂದ. ಟೇಪಿನಲ್ಲಿ ನೋಡಿದೆ, ಬಲಗಾಲಿಗೆ ಏನೂ ಆಗಿಲ್ಲ. ಎಡಗಾಲಿಗೂ ಆಗಿಲ್ಲ. ಮಂಡಿ ನೋಯುವವನು ಬಲಕ್ಕೆ ತಲೆ ತಿರುಗಿಸುವುದನ್ನು ನಾನು ಈವರೆಗೆ ಕಂಡಿಲ್ಲ.

ನಿನ್ನೆ ಎರಡನೆಯ ಅರ್ಧದಲ್ಲಿ ನಿನ್ನ ಜಾಗಕ್ಕೆ ಆ ಹೊಸ ಹುಡುಗ ಪಿಕೆಟ್‌ನನ್ನು ಇಳಿಸಿದರು. ನೀನು ಬೆಂಚಿನ ಮೇಲೆ ಟೋಪಿ ಹಾಕಿಕೊಂಡು ಕೂತಿದ್ದನ್ನು ಕ್ಯಾಮೆರಾದವನು ತೋರಿಸಿದ. ಗಸ್ ಏನೂ ಅನ್ನಲಿಲ್ಲ. ಅವನು ಏನಾದರೂ ಅಂದಿದ್ದರೆ ಇದಕ್ಕಿಂತ ಚೆನ್ನಾಗಿತ್ತು.

ಕುಡಿಯುತ್ತಿದ್ದೀಯಾ? ಯಾರ ಜೊತೆಗಾದರೂ ಜಗಳವಾಗಿದೆಯಾ? ನಿನಗೆ ಮೂವತ್ತೊಂದು ವರ್ಷ. ಈ ಆಟದಲ್ಲಿ ಬೆಂಚಿಗೆ ಹೋದ ಮೂವತ್ತೊಂದರವನು ಅಲ್ಲಿಂದ ನೇರ ಮನೆಗೆ ಬರುತ್ತಾನೆ. ಸುಳ್ಳು ಬರೆಯುವುದಾದರೆ ಬರೆಯಲೇಬೇಡ.

ಅಪ್ಪ

*

ಅಕ್ಟೋಬರ್ 15, 1991

ಪ್ರೀತಿಯ ಅಪ್ಪನಿಗೆ,

ಮೂರು ಸಲ ಬರೆದು ಹರಿದೆ. ಸುಳ್ಳು ಬರೆಯಬೇಡ ಎಂದಿರಿ, ಆದ್ದರಿಂದ ತಡವಾಯಿತು.

ನನಗೆ ಏನೂ ಆಗಿಲ್ಲ. ಆಗಿರುವುದು ಓರಿನ್‌ಗೆ.

ಆಗಸ್ಟಿನ ತರಬೇತಿ ಶಿಬಿರದಲ್ಲಿ ಒಂದು ದಿನ ಅವನಿಗೆ ಹೆಲ್ಮೆಟ್ಟಿಗೆ ಹೆಲ್ಮೆಟ್ ಬಡಿಯಿತು. ಅಂಥದ್ದು ದಿನವೂ ಆಗುತ್ತದೆ. ಎದ್ದು ನಿಂತ, ವಾಂತಿ ಮಾಡಿದ, ಮತ್ತೆ ಆಡಿದ. ಮರುದಿನದಿಂದ ಅವನ ಕೂಗು ತಪ್ಪತೊಡಗಿತು. ನಮ್ಮ ಐವರಲ್ಲಿ ಕಣ್ಣು ಅವನೇ ಎಂಬುದು ನಿಮಗೆ ಗೊತ್ತು. ಎದುರಿನವರು ನಿಂತಿರುವುದನ್ನು ನೋಡಿ, ಯಾರನ್ನು ಯಾರು ತಡೆಯಬೇಕು, ಸಾಲು ಎತ್ತ ಜಾರಬೇಕು ಎಂದು ಅವನು ಕೂಗಿದ ಮೇಲೆಯೇ ನಾವು ಅಲುಗುವುದು. ಈಗ ಅವನು ಬಾಗಿದ ಕ್ಷಣ ಎಲ್ಲ ಅಳಿಸಿಹೋಗುತ್ತದಂತೆ. ಒಂದು ದಿನ ಸ್ನಾನದ ಕೋಣೆಯಲ್ಲಿ ನನ್ನ ತೋಳು ಹಿಡಿದು, "ಡೇಲ್, ಬಗ್ತೀನಿ, ಅಷ್ಟೇ, ತಲೆಯೊಳಗೆ ಬೆಳ್ಳಗಿರೋ ಗೋಡೆ. ನೀನು ಮೆಲ್ಲಗೆ ಹೇಳು, ನಾನು ಜೋರಾಗಿ ಕೂಗ್ತೀನಿ. ಯಾರಿಗೂ ಹೇಳ್ಬೇಡ ಕಣೋ. ಇದು ಬಿಟ್ರೆ ನಂಗೆ ಇನ್ನೇನ್ ಬರುತ್ತೆ?" ಎಂದ.

ಅಂದಿನಿಂದ ಎದುರಿನವರನ್ನು ನೋಡುವವನು ನಾನು. ಬಲಕ್ಕೆ ತಲೆ ತಿರುಗಿಸಿ ಅವನಿಗೆ ಹೇಳುತ್ತೇನೆ. ಅವನು ಕೂಗುತ್ತಾನೆ, ತಕ್ಷಣ ಚೆಂಡು ಬಿಡುತ್ತಾನೆ. ನಾನು ನನ್ನ ಕಾಲಿನ ಕಡೆ ಗಮನ ತರುವಷ್ಟರಲ್ಲಿ ತಡವಾಗಿರುತ್ತದೆ.

ನಮ್ಮ ಸಾಲಿನ ಕೋಚ್ ಮೊನ್ನೆ ನನ್ನನ್ನು ಕರೆದು, "ಹುಡಾಕ್, ಇನ್ನೆರಡು ಆಟ ನೋಡ್ತೀನಿ, ಆಮೇಲೆ ನಿನ್ ಜಾಗ ಆ ಹುಡುಗಂದು" ಎಂದರು. ಓರಿನ್ ವಿಷಯ ಹೇಳಿದರೆ ನಾನು ಉಳಿಯುತ್ತೇನೆ, ಅವನು ಹೋಗುತ್ತಾನೆ. ಹೇಳದಿದ್ದರೆ ನಾನು ಹೋಗುತ್ತೇನೆ. ಆಮೇಲೆ ಅವನ ಎಡಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಅಪ್ಪ, ಏನು ಮಾಡಲಿ?

ಡೇಲ್

*

ಅಕ್ಟೋಬರ್ 19, 1991

ಡೇಲ್,

ನಿನ್ನ ಕಾಗದವನ್ನು ಗ್ಯಾರೇಜಿನಲ್ಲಿ ಕೂತು ಓದಿದೆ. ನಿನ್ನ ಮೇಲೆ ಬರೆದ ಮಾತುಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಹುಡುಗರಿಗೆ ಮೊದಲ ದಿನವೇ ನಾನು ಹೇಳುತ್ತಿದ್ದದ್ದು ನಿನಗೆ ನೆನಪಿರಬೇಕು. ಪಕ್ಕದವನು ಬಿದ್ದರೆ ಸಾಲಿನಲ್ಲಿ ತೆರೆದ ಅವನ ಕಿಂಡಿಗೆ ನೀನು ನಿಲ್ಲು. ನಿನ್ನ ಕಿಂಡಿಯನ್ನು ಆಮೇಲೆ ನೋಡಿಕೊಳ್ಳೋಣ. ಅದನ್ನು ಕೇಳಿದವರು ನೂರಾರು ಜನ. ಮಾಡಿದವನು ನೀನೊಬ್ಬ. ಹೇಳಬೇಡ. ಓರಿನ್ ಹನ್ನೊಂದು ವರ್ಷ ಆಡಿದವನು, ಡಿಸೆಂಬರಿನವರೆಗೆ ಈ ಆಟದ ಋತುವನ್ನು ತನ್ನ ಕಾಲ ಮೇಲೆ ನಿಂತು ಮುಗಿಸಲಿ. ತಲೆಗೆ ಪೆಟ್ಟು ಬೀಳುವುದು, ನಾಲ್ಕು ದಿನ ಮಂಕಾಗುವುದು ಹೊಸದೇನಲ್ಲ. ಆಮೇಲೆ ಸರಿಹೋಗುತ್ತದೆ.

ಆದರೆ ನೀನು ಮಾಡುತ್ತಿರುವ ರೀತಿ ತಪ್ಪು. ಬಾಗಿದ ಮೇಲೆ ಮಾತಾಡಬೇಡ, ಬಾಗುವ ಮೊದಲೇ ಹೇಳಿಬಿಡು. ಬಾಯಿಂದ ಬೇಡ, ಕೈಯಿಂದ ಹೇಳು. ಸಾಲಿಗೆ ಬರುವಾಗ ನಿನ್ನ ಬಲಗೈಯ ಹಿಂಭಾಗ ಅವನ ಸೊಂಟಕ್ಕೆ ತಗಲಲಿ. ಒಂದು ಸಲ ತಟ್ಟಿದರೆ ಎಡಕ್ಕೆ, ಎರಡು ಸಲ ತಟ್ಟಿದರೆ ಬಲಕ್ಕೆ, ಒತ್ತಿ ಹಿಡಿದರೆ ಇದ್ದಲ್ಲೇ. ಅವನ ತಲೆ ಮರೆತರೂ ಮೈ ಮರೆಯುವುದಿಲ್ಲ. ಕೈ ತೆಗೆದ ಕೂಡಲೇ ನಿನ್ನ ಕಣ್ಣು ನಿನ್ನ ಎದುರಿನವನ ಮೇಲಿರಲಿ. ದಿನವೂ ಇಬ್ಬರೇ ನಿಂತು ಅಭ್ಯಾಸ ಮಾಡಿ.

ನಿನ್ನಮ್ಮ ಕಾಗದ ಕೇಳಿದಳು. ಕೊಟ್ಟಿಲ್ಲ.

ಅಪ್ಪ

*

ನವೆಂಬರ್ 5, 1991

ಪ್ರೀತಿಯ ಅಪ್ಪನಿಗೆ,

ಕೈ ಕೆಲಸ ಮಾಡಿತು. ಮೊದಲ ಎರಡು ದಿನ ಓರಿನ್ ಕಚಗುಳಿಯಾದವನಂತೆ ನಗುತ್ತಿದ್ದ. "ಲೋ, ನನ್ ಹೆಂಡ್ತಿನೂ ಇಷ್ಟು ಮುಟ್ಟಲ್ಲ ಕಣೋ" ಎಂದು ರೇಗಿಸಿದ. ಮೂರನೆಯ ದಿನ ನಾನು ತಟ್ಟುವುದೇ ತಡ, ಅವನ ಬಾಯಿಂದ ಕೂಗು ಬಂತು. ಹಳೆಯ ಓರಿನ್‌ನ ಕೂಗು. ಕೋಚ್ ನನ್ನ ಬೆನ್ನು ತಟ್ಟಿ, "ಮಂಡಿ ವಾಸಿಯಾಯ್ತಾ ಮಹಾರಾಯ?" ಎಂದರು. ಪಿಕೆಟ್ ಬೆಂಚಿಗೆ ಮರಳಿದ. ಎರಡು ಭಾನುವಾರ ನಮ್ಮ ಕ್ವಾರ್ಟರ್‌ಬ್ಯಾಕ್‌ನ ಬಟ್ಟೆಗೆ ಮಣ್ಣು ತಾಗಿಲ್ಲ.

ಒಂದು ಮಾತು. ಆಟ ಮುಗಿದ ಮೇಲೆ ಕಾರು ನಿಲ್ಲಿಸುವ ಜಾಗದಲ್ಲಿ ಕಾರ್ಲೀನ್ ನನಗಾಗಿ ಕಾದಿದ್ದಳು. "ಡೇಲ್, ಅವನು ಮನೇಲಿ ಗೋಡೆ ನೋಡ್ತಾ ಕೂತಿರ್ತಾನೆ. ಮಗಳ ಹೆಸರು ಕರೆಯೋಕೆ ಹೋಗಿ ನಿಂತುಬಿಡ್ತಾನೆ. ಆಟದಲ್ಲೂ ಹೀಗೇನಾ?" ಎಂದು ಕೇಳಿದಳು. ಆಟದಲ್ಲಿ ಚೆನ್ನಾಗಿಯೇ ಇದ್ದಾನೆ, ದಣಿವಿರಬೇಕು ಎಂದೆ. ಅವಳು, "ನೀನು ಹೇಳಿದ್ರೆ ನಂಬ್ತೀನಿ. ದಿನಾ ಅವನ ಪಕ್ಕದಲ್ಲೇ ನಿಲ್ಲೋನು ನೀನೇ ಅಲ್ವಾ" ಎಂದಳು.

ನಾನು ಮಾಡಿದ್ದು ಸರಿಯೇ?

ಡೇಲ್

*

ನವೆಂಬರ್ 11, 1991

ಡೇಲ್,

ನಿನ್ನೆಯ ಆಟದ ಟೇಪನ್ನು ಕ್ಲಬ್ಬಿಗೆ ಒಯ್ದು ಎಲ್ಲರಿಗೂ ಮತ್ತೆ ತೋರಿಸಿದೆ. ಗಸ್ ಪವ್ಲಿಕ್ ತಾನೇ ಬಂದು ನನಗೆ ಬಿಯರ್ ಕೊಡಿಸಿ, "ಎಮಿಲ್, ಬಾಗ್ಲಿಗೆ ಬೀಗ ಹಾಕ್ದ ಕಣಯ್ಯ ನಿನ್ ಮಗ" ಎಂದ. ಪತ್ರಿಕೆಯಲ್ಲಿ ಸಾಲಿನವರ ಬಗ್ಗೆ ಒಂದು ಪ್ಯಾರಾ ಬಂದಿದೆ, ಅಪರೂಪ. ಕತ್ತರಿಸಿ ಜೊತೆಯಲ್ಲಿಟ್ಟಿದ್ದೇನೆ.

ನಿನ್ನ ಕೈ ತಗಲುವುದು ನನಗೆ ಗೊತ್ತಿದ್ದೂ ಟೇಪಿನಲ್ಲಿ ಕಾಣಲಿಲ್ಲ. ನನಗೇ ಕಾಣದಿದ್ದರೆ ಇನ್ನು ಯಾರಿಗೂ ಕಾಣುವುದಿಲ್ಲ.

ಕಾರ್ಲೀನ್ ವಿಷಯ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೆಂಡತಿಯರು ಹೆದರುತ್ತಾರೆ. ಡಿಸೆಂಬರ್ ಮುಗಿದರೆ ಎಲ್ಲ ಮುಗಿಯಿತು.

ಅಪ್ಪ

ಡೇಲ್, ನಿಮ್ಮಪ್ಪ ಅಂಚೆಚೀಟಿ ತರೋಕೆ ಹೋಗಿದ್ದಾರೆ, ಅದಕ್ಕೇ ಕೆಳಗೆ ನಾನು ಬರೀತಾ ಇದ್ದೀನಿ. ನಿನ್ನ ಕಾಗದಗಳನ್ನೆಲ್ಲ ಓದಿದೆ. ಆ ಹುಡುಗಿ ನಿನ್ನನ್ನು ಕೇಳಿದ್ದು ಆಟದ ಮಾತಲ್ಲ ಮಗನೇ. ಅಮ್ಮ.

*

ಡಿಸೆಂಬರ್ 2, 1991

ಡೇಲ್,

ಮೂರು ವಾರದಿಂದ ನಿನ್ನ ಕಾಗದವಿಲ್ಲ.

ನಿನ್ನೆ ಮೂರನೆಯ ಭಾಗದಲ್ಲಿ ಓರಿನ್ ಬಿದ್ದ. ಎದ್ದವನು ಎದುರು ತಂಡದವರ ಗುಂಪಿಗೆ ಹೋಗಿ ನಿಂತ. ಅವರಲ್ಲೊಬ್ಬ ಅವನ ಭುಜ ಹಿಡಿದು ನಮ್ಮ ಕಡೆಗೆ ತಿರುಗಿಸಿದ. ಟಿವಿಯವರು ನಕ್ಕರು, ಕ್ಲಬ್ಬಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನೆನಪಾಯಿತು.

ಅವನನ್ನು ಹೊರಗೆ ಕರೆದೊಯ್ದರು. ಡಾಕ್ಟರ್ ಎದುರು ಕೂರಿಸಿದ್ದು ಕಂಡಿತು, ನೀನು ಹಿಂದೆ ನಿಂತಿದ್ದೆ. ಆಟ ಮತ್ತೆ ಶುರುವಾದಾಗ ಅವನು ಸಾಲಿನಲ್ಲಿದ್ದ. ಹೇಗೆ?

ಅಪ್ಪ

*

ಡಿಸೆಂಬರ್ 11, 1991

ಅಪ್ಪ,

ಹೇಗೆ ಎಂದು ಕೇಳಿದಿರಿ. ಹೀಗೆ.

ಡಾಕ್ಟರ್ ಅವನನ್ನು ಬೆಂಚಿನ ಮೇಲೆ ಕೂರಿಸಿ, "ಓರಿನ್, ಇದು ಎಷ್ಟನೇ ಕ್ವಾರ್ಟರ್?" ಎಂದು ಕೇಳಿದರು. ನಾನು ನೀರು ಕುಡಿಯಲು ಬಂದವನು ಅವನ ಹಿಂದೆ ನಿಂತಿದ್ದೆ. ಅವನ ಕತ್ತು ನನ್ನ ಕಡೆ ಸ್ವಲ್ಪ ವಾಲಿತು. ನನ್ನ ಕೈ ಅವನ ಬೆನ್ನನ್ನು ಮೂರು ಸಲ ತಟ್ಟಿತು. "ಮೂರು" ಎಂದ. "ಎಷ್ಟು ಪಾಯಿಂಟ್ ಮುಂದಿದ್ದೀವಿ?" ನಾಲ್ಕು ಸಲ ತಟ್ಟಿದೆ. "ನಾಲ್ಕು." ಡಾಕ್ಟರ್ ಅವನ ಕೆನ್ನೆ ತಟ್ಟಿ, "ಹೋಗು, ಹೋಗು" ಎಂದರು. ಯೋಚಿಸಿ ಮಾಡಿದ್ದಲ್ಲ, ಅಪ್ಪ. ಆರು ವಾರದಿಂದ ಆ ಕೈಗೆ ಅದೊಂದೇ ಅಭ್ಯಾಸ. ಅವನು ಇನ್ನೂ ಒಂದೂವರೆ ಭಾಗ ಆಡಿದ. ಅಷ್ಟರಲ್ಲಿ ಎಷ್ಟು ಪೆಟ್ಟು ಬಿತ್ತೋ ಗೊತ್ತಿಲ್ಲ.

ಮೊನ್ನೆ ಸೋಮವಾರ ಅವನು ಮಗಳನ್ನು ಶಾಲೆಯಿಂದ ಕರೆದುಕೊಂಡು ಮನೆಗೆ ಹೊರಟ. ಆದರೆ ಹೋದದ್ದು ಆರು ವರ್ಷದ ಕೆಳಗೆ ಬಾಡಿಗೆಗಿದ್ದ ಮನೆಗೆ. ಬೀಗದ ಕೈ ಹತ್ತಲಿಲ್ಲ. ಬಾಗಿಲು ಒದ್ದ, ಕಾರ್ಲೀನ್ ಹೆಸರು ಹಿಡಿದು ಅರಚಿದ. ಈಗ ಅಲ್ಲಿರುವ ಮುದುಕ ಬಂದೂಕು ಹಿಡಿದು ಹೊರಗೆ ಬಂದ. ಮಗು ಕಾರಿನಿಂದ ಇಳಿದು, "ಶೂಟ್ ಮಾಡ್ಬೇಡಿ ತಾತ, ನಮ್ಮಪ್ಪ ಮರೆತುಬಿಟ್ಟಿದ್ದಾರೆ" ಎಂದಿತಂತೆ. ಆ ಮುದುಕ ಬಂದೂಕು ಇಳಿಸಿದ್ದರಿಂದ ಓರಿನ್ ಬದುಕಿದ್ದಾನೆ.

ಕಾರ್ಲೀನ್ ಫೋನಿನಲ್ಲಿ ಅಳಲಿಲ್ಲ. "ಚೆನ್ನಾಗಿದ್ದಾನೆ ಅಂದಿದ್ದೆ ನೀನು" ಎಂದಳು, ಇಟ್ಟುಬಿಟ್ಟಳು. ಅವನು ಮಾತ್ರ ಭಾನುವಾರ ಆಡಿಯೇ ಆಡುತ್ತೇನೆ ಎನ್ನುತ್ತಾನಂತೆ. ಸೋಮವಾರದ್ದು ಅವನಿಗೆ ನೆನಪೇ ಇಲ್ಲ.

ಏನು ಮಾಡಲಿ ಎಂದು ಈ ಸಲ ನಿಮ್ಮನ್ನು ಕೇಳುತ್ತಿಲ್ಲ.

ಡೇಲ್

*

ಡಿಸೆಂಬರ್ 14, 1991

ಡೇಲ್,

ಹೇಳು. ಡಾಕ್ಟರಿಗೆ ಹೇಳು, ಕೋಚಿಗೆ ಹೇಳು. ಈ ಕಾಗದ ಭಾನುವಾರದೊಳಗೆ ನಿನಗೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಫೋನ್ ಮಾಡು ಎಂದು ನಿನ್ನಮ್ಮನಿಗೆ ಹೇಳಿದೆ. ಎರಡು ದಿನದಿಂದ ಮಾಡುತ್ತಿದ್ದಾಳೆ, ನೀನು ಎತ್ತುತ್ತಿಲ್ಲ.

ಸೊಂಟಕ್ಕೆ ಕೈ ತಗಲಿಸುವುದನ್ನು ಹೇಳಿಕೊಟ್ಟವನು ನಾನು. ಅದು ಚೆನ್ನಾಗಿ ನಡೆಯಿತು ಎಂದು ಬೀಗಿದವನೂ ನಾನೇ. ಹೇಳುವಾಗ ನನ್ನ ಹೆಸರನ್ನೂ ಹೇಳು.

ಅಪ್ಪ

*

ಡಿಸೆಂಬರ್ 17, 1991

ಅಪ್ಪ,

ನಿಮ್ಮ ಕಾಗದ ಇವತ್ತು ಸಿಕ್ಕಿತು. ನಾನು ಕಳೆದ ಗುರುವಾರವೇ ಹೇಳಿದೆ.

ಡಾಕ್ಟರ್ ನಂಬಲಿಲ್ಲ. "ನಾನೇ ನೋಡಿದ್ನಲ್ಲ, ಪಟಪಟ ಉತ್ತರ ಕೊಟ್ಟ" ಎಂದರು. ಹಾಗಾದರೆ ನನ್ನ ಎದುರಿಗೆ ಮತ್ತೆ ಕೇಳಿ ಎಂದೆ. ಓರಿನ್‌ನನ್ನು ಕರೆಸಿದರು. ನಾನು ಅವನ ಎಡಪಕ್ಕದಲ್ಲಿ ನಿಂತೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಓರಿನ್, ಹೋದ ಭಾನುವಾರ ಯಾರ ಮೇಲೆ ಆಡಿದ್ವಿ?"

ಅವನು ನಕ್ಕ. ಅರ್ಧ ಹೆಜ್ಜೆ ಎಡಕ್ಕೆ ಸರಿದು ಸೊಂಟವನ್ನು ನನಗೆ ತಾಗಿಸಿದ. ಕಾದ. ನಾನು ಅಲುಗಲಿಲ್ಲ. ಇನ್ನೂ ಸ್ವಲ್ಪ ಒತ್ತಿದ. ಆಮೇಲೆ ತಿರುಗಿ ನನ್ನ ಮುಖ ನೋಡಿ, ಮೆಲ್ಲಗೆ, "ಡೇಲ್, ಕೈ?" ಎಂದ.

ಡಾಕ್ಟರ್ ಪೆನ್ನು ಕೆಳಗಿಟ್ಟರು.

ಆಗ ಅವನಿಗೆ ಅರ್ಥವಾಯಿತು. ಹೊಡೆಯಲಿಲ್ಲ. ಹೊಡೆದಿದ್ದರೆ ನಿಂತು ಹೊಡೆಸಿಕೊಳ್ಳುತ್ತಿದ್ದೆ. "ನನ್ ಪಕ್ಕದಲ್ಲೇ ನಿಂತು ನನ್ನನ್ನೇ ಹಿಡ್ಕೊಟ್ಯಲ್ಲೋ" ಎಂದು ಹೊರಟುಹೋದ. ಉಳಿದ ಮೂವರು ಅಂದಿನಿಂದ ನನ್ನ ಜೊತೆ ಮಾತಾಡುತ್ತಿಲ್ಲ. ಅವತ್ತು ರಾತ್ರಿ ಅವರು ಊಟಕ್ಕೆ ಹೋದರು, ನನ್ನನ್ನು ಕರೆಯಲಿಲ್ಲ. ಭಾನುವಾರ ಬೇರೊಬ್ಬ ಸೆಂಟರ್ ಆಡಿದ. ಓರಿನ್ ಮನೆಯಲ್ಲಿದ್ದ. ಇನ್ನು ಅವನು ಆಡುವುದಿಲ್ಲ.

ನಿಮ್ಮ ಹೆಸರು ಹೇಳಲಿಲ್ಲ. ಕೈ ನನ್ನದು.

ಡೇಲ್

*

ಜನವರಿ 20, 1992

ಡೇಲ್,

ಕ್ಲಬ್ಬಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಶಾಲೆಯವರು ಹುಡುಗರಿಗೆ ನಾಲ್ಕು ಮಾತು ಹೇಳಲು ಕರೆದಿದ್ದರು. ಹೋಗಿ ನಿಂತೆ. ಪಕ್ಕದವನ ಕಿಂಡಿಯ ಮಾತು ಬಾಯಿಯವರೆಗೆ ಬಂತು, ಮುಂದೆ ಬರಲಿಲ್ಲ. ಚೆನ್ನಾಗಿ ಓದಿ ಎಂದು ಹೇಳಿ ಇಳಿದೆ.

ಓರಿನ್ ಹೇಗಿದ್ದಾನೆ? ನೀನು ಹೋಗಿ ನೋಡಿದೆಯಾ? ಬಾಗಿಲು ತೆರೆಯದಿದ್ದರೂ ಹೋಗು.

ಅಪ್ಪ

*

ಮಾರ್ಚ್ 10, 1992

ಪ್ರೀತಿಯ ಅಪ್ಪನಿಗೆ,

ಓರಿನ್ ವಿಷಯ ಕೇಳಿದ್ದಿರಿ. ಹೇಳಲು ಏನಾದರೂ ಆಗಲಿ ಎಂದು ಕಾದೆ.

ನಿಮ್ಮ ಕಾಗದ ಬಂದ ವಾರವೇ ಹೋದೆ. ಬಾಗಿಲು ತೆರೆದು ನನ್ನನ್ನು ನೋಡಿ ಮುಖದ ಮೇಲೆಯೇ ಮುಚ್ಚಿದ. ಮುಂದಿನ ಸೋಮವಾರ ಬಾಗಿಲಲ್ಲೇ ನಿಲ್ಲಿಸಿ ಬೈದ. "ದ್ರೋಹಿ, ನಿನ್ ಜಾಗ ಉಳಿಸ್ಕೊಳ್ಳೋಕೆ ನನ್ನ ಮಾರ್ದೆ. ನಾನು ಸತ್ರೂ ಮರೆಯಲ್ಲ ನೋಡು" ಎಂದ. ಹಿಂದಿನಿಂದ ಕಾರ್ಲೀನ್, "ಬೈಸ್ಕೊಂಡು ಹೋಗು ಡೇಲ್, ನೀನು ಬಂದುಹೋದ್ರೆ ಅವನು ಆ ದಿನವೆಲ್ಲ ಚುರುಕಾಗಿರ್ತಾನೆ" ಎಂದಳು. ಅವಳು ನನ್ನನ್ನು ಕ್ಷಮಿಸಿದಳೆಂದು ಅದರ ಅರ್ಥವಲ್ಲ. ಅವಳನ್ನು ನಾನು ಕೇಳಿಯೂ ಇಲ್ಲ.

ಆಸ್ಪತ್ರೆಯ ಡಾಕ್ಟರಿಗೆ ಅವಳು ಇದನ್ನು ಹೇಳಿದಾಗ, ಡಿಸೆಂಬರಿನ ಸಿಟ್ಟು ಇನ್ನೂ ನೆನಪಿದೆ ಎಂದರೆ ಒಳ್ಳೆಯ ಲಕ್ಷಣ, ಅಷ್ಟರಮಟ್ಟಿಗೆ ತಲೆ ಹಿಡಿದಿಟ್ಟುಕೊಳ್ಳುತ್ತಿದೆ ಎಂದರಂತೆ. ಅಂದಿನಿಂದ ಸೋಮವಾರಗಳಂದು ನಾನು ಹೋಗುವುದು ಬೈಸಿಕೊಳ್ಳುವುದಕ್ಕೆ. ಫೆಬ್ರವರಿಯಲ್ಲಿ ಒಂದು ದಿನ ಅವನು ನನ್ನ ಅಂಗಿ ಹಿಡಿದು ಜಗ್ಗಿದ. ಅಷ್ಟು ಖುಷಿಯಿಂದ ನಾನು ಆ ಮನೆಯಿಂದ ಎಂದೂ ಹೊರಟಿರಲಿಲ್ಲ.

ನಿನ್ನೆ ಹೋದೆ. ಬಾಗಿಲು ತಟ್ಟುವ ಮೊದಲೇ ತೆರೆದ. "ಬಾರೋ ಹುಡಾಕ್! ಎಲ್ಲಿ ಹಾಳಾಗ್ಹೋಗಿದ್ಯೋ ಇಷ್ಟ್ ದಿನ?" ಎಂದು ಎರಡೂ ತೋಳಿನಿಂದ ತಬ್ಬಿಕೊಂಡ. ಒಳಗೆ ಕರೆದು ಕೂರಿಸಿದ. ಶಿಬಿರ ಯಾವಾಗ ಶುರು, ಈ ಸಲ ಎಡಗಡೆ ಯಾರು, ಬಲಗಡೆ ಯಾರು ಎಂದು ಕೇಳಿದ. ಕಾರ್ಲೀನ್ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ನಮಗೆ ಬೆನ್ನು ಹಾಕಿ ನಿಂತಿದ್ದಳು.

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕೊನೆಗೆ ನಾನೇ, "ಓರಿನ್, ಡಿಸೆಂಬರಿನಲ್ಲಿ ಡಾಕ್ಟರ ಹತ್ರ ನಿನ್ನನ್ನು ಹಿಡಿದುಕೊಟ್ಟವನು ನಾನು. ನೆನಪಿದೆಯಾ?" ಎಂದೆ.

ಅವನು ನನ್ನ ತೊಡೆಯ ಮೇಲೆ ಗುದ್ದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಹೋಗೋ," ಎಂದ. "ನೀನು ಹಾಗೆಲ್ಲ ಮಾಡೋನಲ್ಲ."

ಡೇಲ್